ಗೋಡೆಯ ಮೇಲಿನ ಏಳನೆಯ ಸಾಲು

ಆ ಗುರುವಾರ ಬೆಳಿಗ್ಗೆ ಮೇಷ್ಟ್ರು ಎಂದಿನ ಹಾಗೆ ಆರೂವರೆಗೆ ಡೈರಿಗೆ ಬಂದರು. ಹೆಡತಲೆಯ ಹಾಲಿನ ಡೈರಿಯಲ್ಲಿ ನಾನು ಟೆಸ್ಟರ್. ಜನ ತಂದ ಹಾಲನ್ನು ಅಳೆದು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡಿ, ಕ್ಯಾನಿಗೆ ಸುರಿಯುವುದು ನನ್ನ ಕೆಲಸ. ಮೇಷ್ಟ್ರದು ಹಸು ಇಲ್ಲದ ಮನೆ. ಊರವರೆಲ್ಲ ಹಾಲು ಹಾಕಲು ನಿಂತ ಸಾಲಿನಲ್ಲಿ ಅವರೊಬ್ಬರು ಹಾಲು ಕೊಳ್ಳಲು ನಿಲ್ಲುತ್ತಿದ್ದರು. ಮುಂದೆ ಬನ್ನಿ ಎಂದು ಎಷ್ಟು ಕರೆದರೂ ಬರುತ್ತಿರಲಿಲ್ಲ.

ಸರದಿ ಬಂದಾಗ ಚೊಂಬು ಮುಂದಿಟ್ಟು, “ಏನ್ಲಾ ಮಾದೇವ, ಇವತ್ತು ಎಷ್ಟು ಕಪಿಲೆ ಸೇರ್ಸಿದ್ದೀಯ?” ಎಂದರು.

“ನೀವ್ ತಗೊಳೋ ಅರ್ಧ ಲೀಟ್ರಿಗೆ ಒಂದ್ ನದಿ ಬೇರೆ ಬೇಕಾ ಸಾ?”

“ನೋಡ್ಕೊಂಡು ಹುಯ್ಯಿ. ಗೋಲ್ ಬಿಟ್ಟಂಗೆ ಹಾಲ್ನೂ ಬಿಟ್ಟೀಯ.”

ಸಾಲಿನಲ್ಲಿದ್ದವರು ನಕ್ಕರು. ದಿನವೂ ಇದೇ ಮಾತು, ದಿನವೂ ಅದೇ ನಗು. ಹೊರಡುವ ಮುಂಚೆ ಅವರು ಸ್ವಲ್ಪ ದನಿ ತಗ್ಗಿಸಿ, “ಸಾಯಂಕಾಲ ಮನೆ ಕಡೆ ಬಾ. ಕಾಗದ ಬರೀಬೇಕು. ಈ ಸಲ ಕೈ ನಿಲ್ತಾ ಇಲ್ಲ. ನಾನ್ ಹೇಳ್ತೀನಿ, ನೀನ್ ಬರಿ,” ಎಂದರು.

“ನಾಳೆ ಬತ್ತೀನಿ ಸಾ. ಇವತ್ತು ಟ್ಯಾಂಕರ್ ಲೇಟು ಅಂದವ್ರೆ.”

“ಇಪ್ಪತ್ತಮೂರು ವರ್ಷ ಕಾದದೆ. ನಾಳೆಗೇನ್ ಕೊಳೆಯಲ್ಲ ಬಿಡು.”

ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡು, ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ಹೋದರು. ಮಳೆ ಇರಲಿಲ್ಲ. ಅವರ ಬಗಲಲ್ಲಿ ಕೊಡೆ ಯಾವಾಗಲೂ ಇರುತ್ತಿತ್ತು.

ಮರುದಿನ ಅವರು ಸಾಲಿನಲ್ಲಿರಲಿಲ್ಲ. ಏಳೂಕಾಲಿಗೆ ಅವರ ಮಗ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಚೊಂಬು ಇರಲಿಲ್ಲ. “ಅಪ್ಪ ಏಳ್ಲಿಲ್ಲ ಕಣಣ್ಣ,” ಎಂದ.

ಆ ಕಾಗದ ಏನೆಂದು ಹೇಳಬೇಕಾದರೆ ಒಂದು ಫುಟ್‌ಬಾಲ್ ಮ್ಯಾಚಿನ ವಿಷಯ ಹೇಳಬೇಕು. ಅದು ಇಪ್ಪತ್ತಮೂರು ವರ್ಷದ ಹಿಂದೆ ನಡೆಯಬೇಕಾಗಿದ್ದ ಮ್ಯಾಚು. ಆ ಮ್ಯಾಚನ್ನು ಬಂದು ಆಡಿ ಎಂದು ಮೈಸೂರಿನ ಒಂದು ಕಾಲೇಜಿಗೆ ಮೇಷ್ಟ್ರು ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ತಮಾಷೆಗಲ್ಲ.

ಮೇಷ್ಟ್ರು ನರಸೀಪುರದ ಒಂದು ಸಣ್ಣ ಕಾಲೇಜಿನಲ್ಲಿ ಆಟದ ಮೇಷ್ಟ್ರಾಗಿದ್ದರು. ದಿನಾ ಹೆಡತಲೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಕುಳ್ಳು ಆಳು. ಉಗುರಿನ ಸಂದಿಯಲ್ಲಿ ಸದಾ ಸುಣ್ಣ, ಏಕೆಂದರೆ ಗ್ರೌಂಡಿನ ಗೆರೆಗಳನ್ನು ಅವರೇ ಎಳೆಯುತ್ತಿದ್ದರು. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಒಂದು ದಿನ ಬಂದು ನಮ್ಮಪ್ಪನ ಮುಂದೆ ಜಗಲಿಯ ಮೇಲೆ ಕುಳಿತರು.

“ನಿಮ್ ಮಗ ಎಲ್ಲಾ ಬಾಗ್ಲಲ್ಲೂ ತಲೆ ತಗ್ಗಿಸ್ಕೊಂಡೇ ಹೋಯ್ತಾನೆ. ಅಷ್ಟು ಉದ್ದ ಅವ್ನೆ. ನಮ್ ಕಾಲೇಜಿಗೆ ಹಾಕಿ. ತಲೆ ಎತ್ಕೊಂಡು ನಿಲ್ಲೋವಂಥ ಬಾಗ್ಲು ಒಂದದೆ ಅಲ್ಲಿ.”

ಗೋಲಿನ ವಿಷಯ ಹೇಳುತ್ತಿದ್ದಾರೆಂದು ಅಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹೀಗೆ ನಾನು ಬಿ.ಎ.ಗೂ ಸೇರಿದೆ, ಗೋಲ್‌ಕೀಪರೂ ಆದೆ.

ಅವರು ಸ್ವತಃ ಫುಟ್‌ಬಾಲ್ ಆಡಿದವರಲ್ಲ. ಅವರದು ಖೋಖೋ. ಮತ್ತೆ ಫುಟ್‌ಬಾಲ್ ಯಾಕೆ ಎಂದರೆ, ಪ್ರತಿ ವರ್ಷ ಯೂನಿವರ್ಸಿಟಿಯಿಂದ ಕಾಲೇಜಿಗೆ ಒಂದು ಫಾರಂ ಬರುತ್ತಿತ್ತು. ಅದರಲ್ಲಿ ಆಟಗಳ ಪಟ್ಟಿ. ನಿಮ್ಮ ಕಾಲೇಜು ಭಾಗವಹಿಸದ ಆಟಗಳನ್ನು ಹೊಡೆದು ಹಾಕಿ ಎಂದು ಕೆಳಗೆ ಬರೆದಿರುತ್ತಿತ್ತು. ನಮ್ಮಂಥ ಸಣ್ಣ ಕಾಲೇಜು ಕಬಡ್ಡಿ, ಖೋಖೋ, ವಾಲಿಬಾಲ್ ಬಿಟ್ಟು ಮಿಕ್ಕದ್ದನ್ನೆಲ್ಲ ಹೊಡೆದು ಕಳಿಸುತ್ತಿತ್ತು. ಆ ವರ್ಷ ಮೇಷ್ಟ್ರು ಫುಟ್‌ಬಾಲನ್ನು ಹೊಡೆಯಲಿಲ್ಲ. ಯಾಕೆ ಸಾ ಎಂದು ಆಮೇಲೊಮ್ಮೆ ಕೇಳಿದ್ದೆ. “ನಮ್ ಹೆಸ್ರು ನಮ್ ಕೈಯಲ್ಲೇ ಹೊಡೆಸ್ತಾರಲ್ಲ, ಅದು ಸರಿ ಕಾಣ್ಲಿಲ್ಲ ಕಣೋ,” ಎಂದರು. ಅಷ್ಟೇ ಕಾರಣ.

ಹೀಗೆ ಹನ್ನೊಂದು ಜನರ ಟೀಮಾಯಿತು. ಹನ್ನೆರಡನೆಯವನಿರಲಿಲ್ಲ. ಮೇಷ್ಟ್ರ ಹೆಂಡತಿ, ನಾವು ಅಮ್ಮ ಎನ್ನುತ್ತಿದ್ದೆವು, ಬಿಳಿ ಪಂಚೆಯನ್ನು ಕತ್ತರಿಸಿ ನೀಲಿ ಬನಿಯನ್ನುಗಳ ಬೆನ್ನಿಗೆ ಒಂದರಿಂದ ಹನ್ನೊಂದರವರೆಗೆ ಅಂಕಿ ಹೊಲಿದುಕೊಟ್ಟರು. ಕ್ಯಾಪ್ಟನ್ ಬನ್ನೂರಿನ ಸಿದ್ದರಾಜು. ಕಬ್ಬಿನ ಗದ್ದೆಯಲ್ಲಿ ಬೆಳೆದವನು, ಕಾಲಿಗಿಂತ ನಾಲಿಗೆ ಚುರುಕು.

ಕಾಲೇಜಿನ ಗ್ರೌಂಡಿನಲ್ಲಿ ಆಗ ಹೊಸ ಕಟ್ಟಡಕ್ಕೆಂದು ಸೈಜುಗಲ್ಲು ರಾಶಿ ಹಾಕಿದ್ದರು. ಆಡಲು ಜಾಗವಿಲ್ಲ. ಮೇಷ್ಟ್ರು ನಮ್ಮನ್ನು ಹೊಳೆಗೆ ಕರೆದುಕೊಂಡು ಹೋದರು. ಸಂಕ್ರಾಂತಿ ಕಳೆದಿತ್ತು. ನೀರು ಇಳಿದು ಎರಡು ಹೊಳೆ ಕೂಡುವ ಕಡೆ ಮರಳು ಅಗಲಕ್ಕೆ ಬಿದ್ದಿತ್ತು. ನೀಲಗಿರಿ ಮರದ ಕಂಬ ನೆಟ್ಟು ಗೋಲ್ ಮಾಡಿದೆವು. ಒಂದೂವರೆ ತಿಂಗಳು ಅಲ್ಲೇ ಆಡಿದೆವು. ಮರಳಲ್ಲಿ ಓಡಿ ಓಡಿ ಎಲ್ಲರ ಮೀನಖಂಡ ಕಲ್ಲಾಯಿತು. ನಾನಂತೂ ಎಡಕ್ಕೆ ಬಲಕ್ಕೆ ಹಾಸಿಗೆಯ ಮೇಲೆ ಬಿದ್ದ ಹಾಗೆ ಹಾರಿ ಬೀಳುತ್ತಿದ್ದೆ. ನಮ್ಮನ್ನು ತಡೆಯುವವರಿಲ್ಲ ಎಂದು ಎಲ್ಲರಿಗೂ ಅನ್ನಿಸಿಬಿಟ್ಟಿತ್ತು.

ಶಿವರಾತ್ರಿ ಆದ ಮೇಲೆ ಲೀಗ್ ಶುರುವಾಯಿತು. ಎಂಟು ಕಾಲೇಜು, ಒಬ್ಬೊಬ್ಬರಿಗೂ ಏಳು ಮ್ಯಾಚು. ಮೊದಲನೆಯದು ಮೈಸೂರಿನಲ್ಲಿ. ಆಟಕ್ಕೆ ಮುಂಚೆ ಮೇಷ್ಟ್ರು ಕೊಡೆ ಊರಿಕೊಂಡು ಗ್ರೌಂಡನ್ನು ಈ ಕೊನೆಯಿಂದ ಆ ಕೊನೆಗೆ ಹೆಜ್ಜೆ ಹಾಕಿ ಅಳೆದು ಬಂದರು. “ನೋಡ್ರೋ, ಇದೂ ನಮ್ ಹೆಜ್ಜೇಲೇ ಮುಗೀತದೆ. ಹೆದ್ರಬೇಡಿ,” ಎಂದರು. ಆಮೇಲೆ ಎಲ್ಲಾ ಮ್ಯಾಚಿಗೂ ಹಾಗೇ ಮಾಡಿದರು.

ಅದು ಕೆಂಪು ಗಟ್ಟಿ ನೆಲ. ಮೊದಲ ಚೆಂಡು ಮೇಲಿಂದ ಬಂದು ಸಿದ್ದರಾಜುವಿನ ಮುಂದೆ ಬಿತ್ತು. ಅವನು ಕಾಲು ಚಾಚಿ ಕಾದ. ಚೆಂಡು ನೆಲಕ್ಕೆ ಬಡಿದು ಅವನ ತಲೆಯ ಮೇಲೆ ಹಾರಿ ಹೋಯಿತು. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಮರಳಲ್ಲಿ ಬಿದ್ದ ಚೆಂಡು ಬಿದ್ದಲ್ಲೇ ಇರುತ್ತಿತ್ತು. ನಾವು ಹನ್ನೊಂದು ಜನವೂ ಚೆಂಡು ಬೀಳುವ ಜಾಗಕ್ಕೆ ಓಡಿ ನಿಲ್ಲುವುದನ್ನು ಕಲಿತಿದ್ದೆವು. ಬಿದ್ದ ಚೆಂಡು ಮತ್ತೆ ಏಳುತ್ತದೆ ಎನ್ನುವುದಕ್ಕೆ ನಾವ್ಯಾರೂ ತಯಾರಿರಲಿಲ್ಲ. ನಾನು ಅಭ್ಯಾಸದಂತೆ ಬಲಕ್ಕೆ ಹಾರಿ ಬಿದ್ದೆ. ಮೊಣಕೈ ಚರ್ಮ ನೆಲದ ಮೇಲೇ ಉಳಿಯಿತು. “ಲೇ, ಗೋಲಿ ಮಲಗವ್ನೆ, ಜೋಗುಳ ಹಾಡ್ರೋ,” ಎಂದು ಯಾರೋ ಗೋಲಿನ ಹಿಂದೆ ಕೂಗಿದ.

ಅರ್ಧ ಆಟ ಮುಗಿದಾಗ ಐದು ಗೋಲಾಗಿತ್ತು. ಬೈಯುತ್ತಾರೆ ಎಂದುಕೊಂಡೆವು. ಮೇಷ್ಟ್ರು ನನ್ನ ಮೊಣಕೈಗೆ ತಮ್ಮ ಕರ್ಚೀಫು ಕಟ್ಟುತ್ತಾ, “ತಪ್ಪು ನಂದು ಕಣ್ರೋ. ನಿಮ್ಗೆ ಚೆಂಡು ತೋರ್ಸಿದ್ದೆ, ನೆಲ ತೋರ್ಸಿರ್ಲಿಲ್ಲ. ಇನ್ನರ್ಧದಲ್ಲಿ ನೆಲ ನೋಡ್ಕೊಳಿ,” ಎಂದರು. ಒಬ್ಬ ಮೇಷ್ಟ್ರು ತಪ್ಪು ನಂದು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಂಬತ್ತು ಗೋಲಿನಿಂದ ಸೋತೆವು.

ಮಾರನೆಯ ದಿನ ಕಾಲೇಜಿಗೆ ಹೋದರೆ, ಆಟದ ಸಾಮಾನಿನ ಕೋಣೆಯ ಹೊರಗೋಡೆಯ ಮೇಲೆ ಮೇಷ್ಟ್ರು ನೀಲಿ ಪೇಂಟಿನಲ್ಲಿ ಬರೆಯುತ್ತಾ ನಿಂತಿದ್ದರು. ಒಂದರಿಂದ ಏಳರವರೆಗೆ ಸಾಲು, ಪ್ರತಿ ಸಾಲಿಗೂ ಎದುರಾಳಿ ಕಾಲೇಜಿನ ಹೆಸರು. ಮೊದಲ ಸಾಲಿನ ಕೊನೆಯಲ್ಲಿ ಅಂಗೈಯಷ್ಟು ದೊಡ್ಡದಾಗಿ 0–9. ಆ ಗೋಡೆ ರಸ್ತೆಗೆ ಮುಖ ಮಾಡಿದೆ. ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ.

ಪ್ರಿನ್ಸಿಪಾಲರು ಬಂದು ನೋಡಿ, “ಮೇಷ್ಟ್ರೇ, ಸೋತದ್ದನ್ನ ಯಾರಾದ್ರೂ ಹೀಗೆ ಊರಿಗೆಲ್ಲ ಕಾಣೋ ಹಂಗೆ ಬರೀತಾರೇನ್ರೀ?” ಎಂದರು.

“ಹೋಗಿದ್ವಿ ಅಂತ ಬರ್ದಿದ್ದೀನಿ ಸಾರ್. ಎಷ್ಟ್ ಗೋಲಾಯ್ತು ಅನ್ನೋದು ಪಕ್ಕದಲ್ಲದೆ, ಅಷ್ಟೆ.”

ಎರಡನೆಯ ಮ್ಯಾಚು ಏಳು ಗೋಲಿನಿಂದ ಹೋಯಿತು. ಪ್ರಿನ್ಸಿಪಾಲರು ಮೇಷ್ಟ್ರನ್ನು ಕರೆಸಿ, ಮಿಕ್ಕ ಮ್ಯಾಚುಗಳಿಗೆ ಬರುವುದಿಲ್ಲ ಎಂದು ಯೂನಿವರ್ಸಿಟಿಗೆ ಕಾಗದ ಬರೆಯಲು ಹೇಳಿದರು. ನಾನು ಹಾಜರಿ ಪುಸ್ತಕ ಕೊಡಲು ಹೋದವನು ಬಾಗಿಲಲ್ಲೇ ನಿಂತಿದ್ದೆ.

“ಬರ್ದು ನೀವೇ ಕಳ್ಸಿ ಸಾರ್. ಆ ಕಾಗದ ನನ್ ಕೈಲಿ ಬರ್ಯಕ್ಕಾಗಲ್ಲ.”

“ಹುಡುಗ್ರಿಗೆ ಅವಮಾನ ಆಗಲ್ವೇನ್ರೀ?”

“ಆಯ್ತದೆ. ಅವಮಾನ ಆಗ್ಲಿ ಸಾರ್. ಹೋಗ್ದೆ ಇದ್ರೆ ಅಭ್ಯಾಸ ಆಗೋಯ್ತದೆ.”

ಪ್ರಿನ್ಸಿಪಾಲರು ಕೆಟ್ಟವರಲ್ಲ. ಗೊಣಗಿದರು, ಆದರೆ ಕಾಗದ ಬರೆಯಲಿಲ್ಲ.

ಗಟ್ಟಿ ನೆಲ ಹುಡುಕಿಕೊಂಡು ಮೇಷ್ಟ್ರು ಒಂದು ರೈಸ್ ಮಿಲ್ಲಿಗೆ ಹೋದರು. ಬೇಯಿಸಿದ ಭತ್ತ ಒಣಗಿಸುವ ಸಿಮೆಂಟಿನ ಕಣ ಅಲ್ಲಿ ದೊಡ್ಡದಿತ್ತು. ಸಂಜೆ ನಾಲ್ಕಕ್ಕೆ ಭತ್ತವನ್ನು ರಾಶಿ ಮಾಡಿ ಮುಚ್ಚಿದ ಮೇಲೆ ಕಣ ಖಾಲಿ. ರಾಶಿ ಮಾಡಿಕೊಟ್ಟರೆ ಆಡಿಕೊಳ್ಳಿ ಎಂದರು ಮಿಲ್ಲಿನವರು. ಹನ್ನೊಂದು ಜನವೂ ಹಲಗೆ ಹಿಡಿದು ಭತ್ತ ತಳ್ಳಿ, ಗುಡಿಸಿ, ಟಾರ್ಪಾಲು ಹೊದಿಸಿ, ಆಮೇಲೆ ಬರಿಗಾಲಲ್ಲಿ ಆಡುತ್ತಿದ್ದೆವು. ಮೇಷ್ಟ್ರೂ ಪ್ಯಾಂಟು ಮಡಿಚಿ ಹಲಗೆ ಹಿಡಿಯುತ್ತಿದ್ದರು. ಸಿಮೆಂಟಿನ ಮೇಲೆ ಚೆಂಡು ಹಾವಿನ ಹಾಗೆ ಓಡುತ್ತಿತ್ತು. ಅಲ್ಲಿ ಹಾರಿ ಬೀಳಲು ಆಗುವುದಿಲ್ಲ. ಹೊಡೆಯುವವನ ಸೊಂಟ ನೋಡಿ ಮೊದಲೇ ಸರಿದು ನಿಲ್ಲುವುದನ್ನು ನಾನು ಕಲಿತದ್ದು ಆ ಕಣದಲ್ಲಿ.

ಮೂರನೆಯ ಮ್ಯಾಚಿನಲ್ಲಿ ನಾಲ್ಕು ಗೋಲು ಬಿಟ್ಟೆ. ನಾಲ್ಕನೆಯದರಲ್ಲೂ ನಾಲ್ಕು. ಐದನೆಯದರಲ್ಲಿ ಮೂರು, ಆದರೆ ಅವತ್ತು ಸಿದ್ದರಾಜು ಒಂದು ಹೊಡೆದ. ಹೊಡೆದವನಿಗೇ ನಂಬಿಕೆ ಬರಲಿಲ್ಲ. ಗೋಲಿನ ಒಳಗೆ ಬಿದ್ದಿದ್ದ ಚೆಂಡನ್ನು ನೋಡಿ, ಗೆರೆಯ ಆಚೆ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ, “ಸಾ, ಗೋಲಾ?” ಎಂದು ಕೇಳಿದ.

“ಹ್ಞೂಂ ಕಣ್ಲಾ. ನೋಡ್ತಾ ನಿಂತ್ಕೊಬೇಡ, ಚೆಂಡು ತಂದು ನಡೂಕಿಡು. ಇನ್ನೂ ಟೈಮದೆ.”

ಹಾಗೆಂದರೂ ಅವರ ಕೊಡೆ ಕೆಳಗೆ ಬಿದ್ದಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಆರನೆಯ ಮ್ಯಾಚಿನಲ್ಲಿ 1–2. ಕೊನೆಯ ಹತ್ತು ನಿಮಿಷ ಎದುರಾಳಿಗಳೇ ಗಾಬರಿಯಾಗಿದ್ದರು. ಬಸ್ಸಿನಲ್ಲಿ ಬರುವಾಗ ಯಾರೂ ತಲೆ ತಗ್ಗಿಸಿರಲಿಲ್ಲ.

ಏಳನೆಯದು ನಮ್ಮ ಗ್ರೌಂಡಿನಲ್ಲಿ. ನಾವೇ ಮೂರು ದಿನ ಸೈಜುಗಲ್ಲು ಹೊತ್ತು ಬದಿಗೆ ಹಾಕಿದೆವು. ಮೇಷ್ಟ್ರು ದಾರ ಹಿಡಿದು ಸುಣ್ಣದ ಗೆರೆ ಎಳೆದರು. ಅಮ್ಮ ಬನಿಯನ್ನುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸಿದ್ದರು. ರೆಫ್ರಿ ಬಂದರು. ಮೂರು ಗಂಟೆಗೆ ಆಟ. ಮೇಷ್ಟ್ರು ಆಮೇಲೆ ಕಾಗದ ಬರೆಯುತ್ತಿದ್ದರಲ್ಲ, ಮೈಸೂರಿನ ಆ ಕಾಲೇಜು ಬರಲಿಲ್ಲ. ಅವರು ಆರಕ್ಕೆ ಆರೂ ಗೆದ್ದು ಲೀಗಿನಲ್ಲಿ ಮೊದಲಾಗಿದ್ದರು. ನಮ್ಮ ಮ್ಯಾಚು ಅವರಿಗೆ ಬೇಕಾಗಿರಲಿಲ್ಲ. ಮರಳಿನ ಟೀಮಿನ ಜೊತೆ ಆಡಲು ಅಷ್ಟು ದೂರ ಯಾರು ಹೋಗುತ್ತಾರೆ ಎಂದರಂತೆ.

ನಾಲ್ಕು ಗಂಟೆಗೆ ರೆಫ್ರಿ, “ವಾಕೋವರ್ ಕೊಡ್ತೀನಿ ಮೇಷ್ಟ್ರೇ. ನೀವ್ ಗೆದ್ದಂಗೆ. ಸೈನ್ ಹಾಕಿ,” ಎಂದರು. ಸಿದ್ದರಾಜು ಕುಣಿದುಬಿಟ್ಟ. ಮೇಷ್ಟ್ರು ಸೈನ್ ಹಾಕಿ ಅದರ ಕೆಳಗೆ, ‘ನಾವು ಹಾಜರಿದ್ದೆವು, ಆಟ ನಡೆದಿಲ್ಲ’ ಎಂದು ಬರೆದರು. ಆಮೇಲೆ ನಮ್ಮನ್ನು ಅವರವರ ಜಾಗದಲ್ಲಿ ನಿಲ್ಲಲು ಹೇಳಿದರು. ಮೈಸೂರಿನ ಬಸ್ಸು ಬಂದಾಗಲೆಲ್ಲ ರಸ್ತೆಗೆ ಹೋಗಿ ನೋಡಿ ಬಂದರು. ಐದೂವರೆಯವರೆಗೆ ನಾವು ಹಾಗೇ ನಿಂತಿದ್ದೆವು.

ಮಾರನೆಯ ದಿನ ಏಳನೆಯ ಸಾಲಿನ ಕೊನೆ ಖಾಲಿಯಾಗೇ ಇತ್ತು. ಪ್ರಿನ್ಸಿಪಾಲರು ಗೆಲುವು ಎಂದು ಬರೆಯಿರಿ ಎಂದರು. ಸಿದ್ದರಾಜುವೂ ನಾನೂ ಜೊತೆಯಾಗಿ ಹೋದೆವು.

“ಒಂದಾದ್ರೂ ಗೆದ್ವಿ ಅಂತ ಬರೀರಿ ಸಾ. ಊರೋರ್ ಮುಂದೆ ತಿರುಗಾಡೋದ್ ಬೇಡ್ವಾ?” ಎಂದ ಅವನು.

“ಒಂಬತ್ತು ಗೋಲ್ ಹೊಡೆದೋರು ನಮ್ ಜೊತೆ ಆಡುದ್ರು ಕಣ್ಲಾ. ಬೆವ್ರು ಸುರ್ಸುದ್ರು, ಕೈ ಕುಲುಕುದ್ರು. ಇವ್ರು ನಮ್ಮನ್ನ ಲೆಕ್ಕಕ್ಕೇ ತಗೊಳ್ಲಿಲ್ಲ. ಅದನ್ನ ಗೆಲುವು ಅಂತ ಬರೀಲಾ?”

ನಾನು ಬಾಯಿ ತೆರೆದೆ. “ನನ್ಗೆ ಒಂದಾದ್ರೂ ಸೊನ್ನೆ ಬೇಕು ಸಾ. ಇಪ್ಪತ್ತೊಂಬತ್ತು ಗೋಲ್ ಬಿಟ್ಟಿದ್ದೀನಿ. ಗೋಲ್ ಬಿಡದೇ ಇರೋ ಮ್ಯಾಚು ಇದೊಂದೇ.”

ಅವರು ನನ್ನ ಮೊಣಕೈಯ ಗಾಯದ ಗುರುತನ್ನು ನೋಡಿದರು. “ಸೊನ್ನೆ ನಿಂತ್ಕೊಂಡು ಹಿಡೀಬೇಕು ಮಾದೇವ. ಬಿಟ್ಟಿ ಸಿಕ್ಕುದ್ರೆ ಅದು ನಿಂದಲ್ಲ. ಆಡಿಸ್ತೀನಿ, ಇರು.”

ನನಗೆ ಆ ಮಾತು ಹಿಡಿಸಲಿಲ್ಲ. ಆ ಬೇಸಿಗೆಯೆಲ್ಲ ಅವರ ಜೊತೆ ಮಾತಾಡಲಿಲ್ಲ. ಒಂದೇ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆವು. ನಾನು ಹಿಂದಿನ ಸೀಟಿನಲ್ಲಿ, ಅವರು ಮುಂದೆ.

ಮರುವರ್ಷ ಆ ಕಾಲೇಜು ಮೇಲಿನ ಡಿವಿಜನ್ನಿಗೆ ಹೋಯಿತು. ಅದರ ಮುಂದಿನ ವರ್ಷ ನಮ್ಮ ಗ್ರೌಂಡಿನ ಮೇಲೆ ಕಟ್ಟಡ ಎದ್ದಿತು, ಟೀಮು ಮುಗಿಯಿತು. ಮೇಷ್ಟ್ರು ಮಾತ್ರ ಪ್ರತಿ ವರ್ಷ ಶಿವರಾತ್ರಿ ಆದ ವಾರ ಕಾಗದ ಬರೆದರು. ‘ತಮ್ಮ ಕಾಲೇಜಿಗೂ ನಮಗೂ ಒಂದು ಪಂದ್ಯ ಆಡುವುದಿದೆ. ದಿನ ತಿಳಿಸಿದರೆ ಎಲ್ಲಿಗಾದರೂ ಬರುತ್ತೇವೆ.’ ಒಂದು ಸಲ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಆಮೇಲೆ ಅದೂ ಇಲ್ಲ. ಅವರು ರಿಟೈರಾದ ದಿನ ಶಾಲು ಹೊದಿಸಿ ಎರಡು ಮಾತಾಡಿ ಎಂದರು. “ಒಂದ್ ಮ್ಯಾಚ್ ಬಾಕಿ ಅದೆ. ಅದಾಗೋಗಂಟ ನಾನ್ ರಿಟೈರ್ ಆಗಿಲ್ಲ,” ಎಂದು ಕೂತುಬಿಟ್ಟರು. ಜನ ಜೋಕೆಂದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ನಾವು ಆರು ಜನ ಇದ್ದೆವು. ನಾವು ತಟ್ಟಲಿಲ್ಲ.

ನನ್ನ ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ಡೈರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನ ದೊಡ್ಡವರೊಬ್ಬರು ತಮ್ಮ ಹಾಲಿಗೆ ಎರಡು ಡಿಗ್ರಿ ಜಾಸ್ತಿ ಬರೆ ಎಂದರು. ಬರೆದರೆ ನನಗೇನೂ ನಷ್ಟವಿರಲಿಲ್ಲ. ಕೈ ಏಳಲಿಲ್ಲ. ಅವತ್ತು ಆ ಖಾಲಿ ಸಾಲು ಕಣ್ಣ ಮುಂದೆ ಬಂತು. ಮಾರನೆಯ ಬೆಳಿಗ್ಗೆ ಮೇಷ್ಟ್ರ ಚೊಂಬಿಗೆ ಹಾಲು ಹುಯ್ಯುವಾಗ ಹೇಳಬೇಕೆಂದುಕೊಂಡೆ. ಹಿಂದೆ ಜನ ನಿಂತಿದ್ದರು, ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಅವರ ಮನೆಯ ಹಜಾರದಲ್ಲಿ ಬುದ್ಧನ ಪಟ ಇದೆ. ಅದರ ಕೆಳಗೆ ಅವರನ್ನು ಮಲಗಿಸಿದ್ದರು. ಪಂಚಶೀಲ ಹೇಳಿ ಎತ್ತಿದರು. ಸಿದ್ದರಾಜು ಬನ್ನೂರಿನಿಂದ ಬಂದಿದ್ದ. ಈಗ ಅವನದು ಆಲೆಮನೆ. ಹೊಟ್ಟೆ ಬಂದಿದೆ, ಮಂಡಿ ನೋವು. ಮುಂದಿನ ವಾರ ನಾನು ಹೋದಾಗ ಅಮ್ಮ ಕಾಫಿ ಕೊಟ್ಟು, “ಅವ್ರು ಹೇಳಿದ್ರಲ್ಲಪ್ಪ, ಕಾಗದ. ಬರ್ದ್ಯಾ?” ಎಂದರು.

“ಇಲ್ಲ ಅಮ್ಮ.”

“ಮತ್ತೆ ಇಲ್ಲಿ ಯಾಕ್ ಕೂತಿದ್ದೀಯ?”

ಅವರ ಮನೆಯ ಜಗಲಿಯಲ್ಲೇ ಕುಳಿತು ಬರೆದೆ. ಅವರು ಬರೆಯುತ್ತಿದ್ದ ಎರಡು ಮಾತನ್ನು ಹಾಗೇ ಬರೆದು, ಕೆಳಗೆ, ‘ನಮ್ಮ ಮೇಷ್ಟ್ರು ಈಗ ಇಲ್ಲ. ನಾವು ಇದ್ದೇವೆ’ ಎಂದು ಸೇರಿಸಿ ನನ್ನ ಹೆಸರು ಹಾಕಿದೆ. ಟ್ಯಾಂಕರ್ ಲೇಟು ಎಂದ ಆ ಸಾಯಂಕಾಲ ಅದೇ ಜಗಲಿಯಲ್ಲಿ ಅವರು ಹೇಳಿ ನಾನು ಬರೆಯಬಹುದಾಗಿತ್ತು. ಟ್ಯಾಂಕರ್ ಅವತ್ತು ಸರಿಯಾದ ಹೊತ್ತಿಗೇ ಬಂದಿತ್ತು.

ಕಳೆದ ತಿಂಗಳು ಸಿದ್ದರಾಜು ಫೋನ್ ಮಾಡಿ, ಕಾಲೇಜಿಗೆ ಬಣ್ಣ ಹೊಡೆಸುತ್ತಿದ್ದಾರೆ, ಯಾವುದೋ ಕಮಿಟಿ ಬರುತ್ತದಂತೆ ಎಂದ. ಇಬ್ಬರೂ ಹೋದೆವು. ಪೇಂಟಿನವನು ಏಣಿ ಹಾಕಿ ಆ ಗೋಡೆಯ ಹತ್ತಿರಕ್ಕೇ ಬಂದಿದ್ದ. ಈಗಿನ ಪ್ರಿನ್ಸಿಪಾಲರಿಗೆ ನಮ್ಮ ಪರಿಚಯವಿಲ್ಲ. “ಬರೀ ಸೋತಿರೋದೇ ಇದೆಯಲ್ರೀ ಇದ್ರಲ್ಲಿ. ಕಮಿಟಿಯವ್ರಿಗೆ ಏನಂತ ಹೇಳೋದು?” ಎಂದರು.

“ಹೋಗಿದ್ವಿ ಅಂತ ಹೇಳಿ ಸಾರ್,” ಎಂದೆ.

ಅವರು ನಮ್ಮಿಬ್ಬರನ್ನೂ ನೋಡಿದರು. ನಾವು ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಸಿದ್ದರಾಜು ತನ್ನ ಬೈಕಿನ ಚೀಲದಿಂದ ನೀಲಿ ಪೇಂಟಿನ ಡಬ್ಬಿ, ಬ್ರಷ್ಷು ತೆಗೆದ. ಮೂರು ಗಂಟೆ ಹೊತ್ತು ಹಳೆಯ ಅಕ್ಷರಗಳ ಮೇಲೆ ತಿದ್ದಿದೆವು. 0–9 ಅನ್ನು ನಾನು ತಿದ್ದಿದೆ. 1–3ರ ಒಂದನ್ನು ಅವನು ಎರಡೆರಡು ಸಲ ತಿದ್ದಿದ.

ಪೇಂಟಿನವನಿಗೆ ಬೇಸರ ಬಂದಿತ್ತು. “ಅಣ್ಣ, ಬರ್ದಿರೋದನ್ನ ಬುಡ್ತೀನಿ. ಕೊನೇಲಿ ಖಾಲಿ ಅದಲ್ಲ, ಅಷ್ಟು ಜಾಗಕ್ಕಾದ್ರೂ ಹೊಡೀಲಾ?” ಎಂದ.

ಗೆಲುವು ಎಂದು ಬರೆಯಿರಿ ಎಂದು ಅವತ್ತು ಜಗಳಕ್ಕೆ ನಿಂತಿದ್ದ ಸಿದ್ದರಾಜು ಅವನ ಕಡೆ ತಿರುಗಿ, “ಬೇರೆ ಎಲ್ಲಿ ಬೇಕಾದ್ರೂ ಹೊಡ್ಕೊ. ಅದುನ್ನ ಮಾತ್ರ ಮುಟ್ಬೇಡ,” ಎಂದ.

ಹನ್ನೊಂದರಲ್ಲಿ ಒಂಬತ್ತು ಜನ ಫೋನಿಗೆ ಸಿಕ್ಕಿದ್ದಾರೆ. ಎಲ್ಲರೂ ಬರುತ್ತೇವೆ ಎಂದಿದ್ದಾರೆ. ಮೈಸೂರಿನಿಂದ ಉತ್ತರ ಬಂದಿಲ್ಲ. ಮುಂದಿನ ಶಿವರಾತ್ರಿ ಆದ ವಾರ ಮತ್ತೆ ಬರೆಯುತ್ತೇನೆ. ಏಳನೆಯ ಸಾಲಿನಲ್ಲಿ ಆ ಕಾಲೇಜಿನ ಹೆಸರಿದೆ. ಅದರ ಮುಂದೆ ಅಂಕಿ ಇನ್ನೂ ಇಲ್ಲ.